ಜಾಕಿಯ ಕೈಗುಣ ಮತ್ತು ಬಾಜಿಯ ದರ

1957ರ ಕೆಂಟಕಿ ಡರ್ಬಿಯ, ಅಂದರೆ ಅಮೆರಿಕದ ಹೆಸರಾಂತ ಕುದುರೆ ರೇಸಿನ, ಕೊನೆಯ ಕೆಲವು ಸೆಕೆಂಡುಗಳಿಂದ ಮಾತು ಆರಂಭಿಸುತ್ತೇನೆ. ಗ್ಯಾಲಂಟ್ ಮ್ಯಾನ್ ಎಂಬ ಕುದುರೆಯ ಮೇಲೆ ಅಮೆರಿಕದ ಅತ್ಯಂತ ಸಮರ್ಥ ಜಾಕಿಗಳಲ್ಲಿ ಒಬ್ಬರಾದ ಬಿಲ್ ಶೂಮೇಕರ್ ಇದ್ದರು. ಮುಂದೆ ಓಡುತ್ತಿದ್ದ ಐರನ್ ಲೀಜ್ ಕುದುರೆಯನ್ನು ಅವರು ಇನ್ನೇನು ಹಿಡಿಯಲಿದ್ದರು. ಆದರೆ ಗೆಲುವಿನ ಗೆರೆಗೆ ಸುಮಾರು ನೂರು ಮೀಟರ್ ಬಾಕಿ ಇರುವಾಗಲೇ, ಅಲ್ಲಿ ನೆಟ್ಟಿದ್ದ ದೂರ ಸೂಚಿಸುವ ಕಂಬವನ್ನು ಗೆಲುವಿನ ಕಂಬವೆಂದು ತಪ್ಪಾಗಿ ಗ್ರಹಿಸಿ, ರಿಕಾಪಿನ ಮೇಲೆ ಎದ್ದು ನಿಂತುಬಿಟ್ಟರು. ಕ್ಷಣಮಾತ್ರದಲ್ಲಿ ತಪ್ಪು ತಿಳಿದು ಮತ್ತೆ ಬಗ್ಗಿದರು. ಅಷ್ಟರೊಳಗೆ ಆಗಬೇಕಾದದ್ದು ಆಗಿಹೋಗಿತ್ತು. ಕುದುರೆ ಮೂಗಿನಷ್ಟು ಅಂತರದಲ್ಲಿ ಸೋತಿತು. ತನ್ನ ಜಾಕಿ ಗೆಲುವಿನ ಗೆರೆಯನ್ನು ತಪ್ಪಾಗಿ ಎಣಿಸಿ ಸೋಲುವಂತೆ ಆ ಕುದುರೆಯ ಮಾಲೀಕರಿಗೆ ರೇಸಿಗೆ ಮೊದಲೇ ಕನಸು ಬಿದ್ದಿತ್ತೆಂದೂ, ಅದನ್ನು ಅವರು ಶೂಮೇಕರ್‌ಗೆ ಹೇಳಿಯೂ ಇದ್ದರೆಂದೂ ಒಂದು ಕಥೆ ರೇಸ್ ವಲಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕನಸಿನ ಮಾತು ಹಾಗಿರಲಿ. ಇದೇ ಶೂಮೇಕರ್ 8,833 ರೇಸುಗಳನ್ನು ಗೆದ್ದು ನಿವೃತ್ತರಾದರು, ಮತ್ತು 1986ರಲ್ಲಿ, ತಮ್ಮ 54ನೆಯ ವಯಸ್ಸಿನಲ್ಲಿ, ಫರ್ಡಿನಾಂಡ್ ಎಂಬ ಕುದುರೆಯನ್ನು ಒಳಬದಿಯ ಇಕ್ಕಟ್ಟಾದ ಸಂದಿಯಲ್ಲಿ ನುಗ್ಗಿಸಿ ಅದೇ ಡರ್ಬಿಯನ್ನು ಗೆದ್ದುಕೊಂಡರು.

ಈ ಪ್ರಸಂಗವನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಜಾಕಿಯಿಂದಾಗಿ ಕುದುರೆ ಸೋತರೆ ಸ್ಟ್ಯಾಂಡಿನಲ್ಲಿ ಕುಳಿತ ಪ್ರತಿಯೊಬ್ಬರಿಗೂ ಕಾಣುತ್ತದೆ. ಜಾಕಿಯಿಂದಾಗಿ ಗೆದ್ದರೆ ಅದು ಕುದುರೆಯ ಗೆಲುವಿನ ಹಾಗೆಯೇ ಕಾಣುತ್ತದೆ. ಒಳ್ಳೆಯ ಸವಾರಿಯ ಬಹುಪಾಲು ಉಳಿತಾಯದ ಕೆಲಸವಾಗಿರುವುದರಿಂದ ಹೀಗಾಗುತ್ತದೆ. ದೂರ ಉಳಿಸುವುದು, ದಮ್ಮು ಉಳಿಸುವುದು, ಅಡ್ಡಿಗಳನ್ನು ತಪ್ಪಿಸುವುದು ಇವೆಲ್ಲ ಕಣ್ಣಿಗೆ ಬೀಳದ ಕೆಲಸಗಳು. ಹೀಗಿದ್ದೂ ಬಾಜಿ ಕಟ್ಟುವವರು ಮೊದಲು ನೋಡುವುದು ಜಾಕಿಯ ಹೆಸರನ್ನು. ಕೌಶಲ ಎಷ್ಟರ ಮಟ್ಟಿಗೆ ಫಲಿತಾಂಶವನ್ನು ಬದಲಿಸುತ್ತದೆ, ಮತ್ತು ಆ ಬದಲಾವಣೆಗೆ ನಾವು ಕೊಡುತ್ತಿರುವ ಬೆಲೆ ಸರಿಯೇ ಎಂಬ ಎರಡು ಪ್ರಶ್ನೆಗಳನ್ನು ಇಂದು ಬೇರೆಬೇರೆಯಾಗಿ ಇಟ್ಟುಕೊಂಡು ನೋಡೋಣ. ರೇಸ್ ಆಡುವವರಲ್ಲಿ ಹೆಚ್ಚಿನವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ, ಮತ್ತು ಅವರ ಹಣ ಹೋಗುವುದು ಅಲ್ಲಿಯೇ.

ಮೊದಲಿಗೆ ಕುಳಿತುಕೊಳ್ಳುವ ಭಂಗಿ. ಹತ್ತೊಂಬತ್ತನೆಯ ಶತಮಾನದ ಜಾಕಿಗಳು ಉದ್ದನೆಯ ರಿಕಾಪುಗಳಲ್ಲಿ ಕಾಲಿಟ್ಟು, ಜೀನಿನ ಮೇಲೆ ನೆಟ್ಟಗೆ ಕುಳಿತು ಸವಾರಿ ಮಾಡುತ್ತಿದ್ದರು. ಅಮೆರಿಕದ ಟಾಡ್ ಸ್ಲೋನ್ 1890ರ ದಶಕದ ಕೊನೆಯ ಭಾಗದಲ್ಲಿ ಇಂಗ್ಲೆಂಡಿಗೆ ಬಂದು, ರಿಕಾಪನ್ನು ಮೇಲಕ್ಕೆಳೆದು, ಕುದುರೆಯ ಕುತ್ತಿಗೆಯ ಮೇಲೆ ಬಗ್ಗಿ ಸವಾರಿ ಮಾಡಿದಾಗ ಅಲ್ಲಿನವರು ಕೋತಿಯ ಹಾಗೆ ಕೂತಿದ್ದಾನೆಂದು ನಕ್ಕರು. ಆತ ಗೆಲ್ಲುತ್ತ ಹೋದಂತೆ ನಗು ನಿಂತಿತು. ಕೆಲವೇ ವರ್ಷಗಳಲ್ಲಿ ಎಲ್ಲರೂ ಹಾಗೆಯೇ ಕುಳಿತರು. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕರು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದಂತೆ, 1900ರ ಆಸುಪಾಸಿನಲ್ಲಿ ಈ ಭಂಗಿ ಬಳಕೆಗೆ ಬಂದಾಗ ಪ್ರಮುಖ ರೇಸುಗಳ ಕಾಲ ಶೇ 5ರಿಂದ 7ರವರೆಗೂ ಸುಧಾರಿಸಿತು. ಕಾರಣ ಗಾಳಿಯ ತಡೆಯೊಂದೇ ಆಗಿರಲಿಲ್ಲ. ಓಡುವ ಕುದುರೆಯ ಬೆನ್ನು ಪ್ರತಿ ದಾಪಿಗೂ ಏರಿ ಇಳಿಯುತ್ತದೆ, ಮುಂದೆ ಹಿಂದೆ ಜಗ್ಗುತ್ತದೆ. ಬಗ್ಗಿ ನಿಂತ ಜಾಕಿ ತನ್ನ ಮೊಣಕಾಲುಗಳನ್ನು ಮಡಿಸಿ ಬಿಚ್ಚುತ್ತ, ತನ್ನ ಮೈ ಮಾತ್ರ ನೇರ ಗೆರೆಯಲ್ಲಿ ತೇಲುವಂತೆ ನೋಡಿಕೊಳ್ಳುತ್ತಾನೆ. ಆಗ ಕುದುರೆ ಅವನ ತೂಕವನ್ನು ಹೊರಬೇಕಾಗುತ್ತದೆಯೇ ಹೊರತು, ಆ ತೂಕವನ್ನು ಪ್ರತಿ ದಾಪಿಗೂ ಎತ್ತಿ ಇಳಿಸಬೇಕಾಗುವುದಿಲ್ಲ. ಇದಕ್ಕಾಗಿ ಜಾಕಿ ಪಡುವ ಶ್ರಮ ಎಷ್ಟೆಂದರೆ ಅವನ ಹೃದಯ ಬಡಿತ ಗರಿಷ್ಠ ಮಿತಿಯ ಹತ್ತಿರಕ್ಕೆ ಹೋಗುತ್ತದೆ. ಜಾಕಿ ಸುಮ್ಮನೆ ಕೂತಿರುತ್ತಾನೆ, ಓಡುವುದು ಕುದುರೆ ಎನ್ನುವವರು ಇದನ್ನು ಗಮನಿಸಬೇಕು. ಆದರೆ ಇಂದು ಎಲ್ಲ ವೃತ್ತಿಪರರೂ ಈ ಭಂಗಿಯಲ್ಲೇ ಸವಾರಿ ಮಾಡುವುದರಿಂದ, ಒಬ್ಬ ಜಾಕಿಗೂ ಇನ್ನೊಬ್ಬ ಜಾಕಿಗೂ ನಡುವಿನ ವ್ಯತ್ಯಾಸವನ್ನು ಬೇರೆ ಕಡೆ ಹುಡುಕಬೇಕು.

ಹುಡುಕಬೇಕಾದ ಮೊದಲ ಜಾಗ ತಿರುವು. ಇದಕ್ಕೊಂದು ಸರಳ ಲೆಕ್ಕವಿದೆ. ಅರ್ಧ ವೃತ್ತದ ತಿರುವಿನಲ್ಲಿ ಒಳಬೇಲಿಯ ಪಕ್ಕದ ಕುದುರೆಗಿಂತ ಒಂದು ಮೀಟರ್ ಹೊರಗೆ ಓಡುವ ಕುದುರೆ 3.14 ಮೀಟರ್ ಹೆಚ್ಚು ಓಡುತ್ತದೆ. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಈ ಹೆಚ್ಚುವರಿ ದೂರ ಬದಲಾಗುವುದಿಲ್ಲ. ಈಗ ಮೂರು ಮೀಟರ್ ಹೊರಗೆ ಓಡಿದ ಕುದುರೆಯನ್ನು ನೆನೆಯಿರಿ. ಪಕ್ಕದಲ್ಲಿ ಎರಡು ಮೂರು ಕುದುರೆಗಳಿದ್ದರೆ ಅಷ್ಟು ಹೊರಗೆ ಹೋಗುವುದು ತೀರ ಸಾಮಾನ್ಯ. ಒಂದು ತಿರುವಿಗೆ 9.4 ಮೀಟರ್, ಎರಡು ತಿರುವುಗಳ ರೇಸಾದರೆ ಸುಮಾರು 19 ಮೀಟರ್ ನಷ್ಟ. ಒಂದು ಲೆಂತ್, ಅಂದರೆ ಒಂದು ಕುದುರೆಯ ಉದ್ದ, ಸುಮಾರು 2.4 ಮೀಟರ್ ಎಂದಿಟ್ಟುಕೊಂಡರೆ, ಇದು ಹೆಚ್ಚು ಕಡಿಮೆ ಎಂಟು ಲೆಂತ್. ಎಷ್ಟೋ ರೇಸುಗಳು ಒಂದು ಲೆಂತ್‌ಗಿಂತ ಕಡಿಮೆ ಅಂತರದಲ್ಲಿ ತೀರ್ಮಾನವಾಗುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಕಾಲ್ವಿನ್ ಬೊರೆಲ್ ಎಂಬ ಅಮೆರಿಕನ್ ಜಾಕಿ ಈ ಲೆಕ್ಕವನ್ನೇ ಬದುಕಾಗಿಸಿಕೊಂಡವರು. 2009ರ ಕೆಂಟಕಿ ಡರ್ಬಿಯಲ್ಲಿ 50ಕ್ಕೆ 1ರ ದರವಿದ್ದ (ಗೆದ್ದರೆ ಒಂದು ರೂಪಾಯಿಗೆ ಐವತ್ತು ರೂಪಾಯಿ ಲಾಭ) ಮೈನ್ ದಟ್ ಬರ್ಡ್ ಕುದುರೆಯನ್ನು ಅವರು ಎಲ್ಲರಿಗಿಂತ ಹಿಂದೆ ಇರಿಸಿಕೊಂಡು, ಕೊನೆಯ ಭಾಗದಲ್ಲಿ ಒಳಬೇಲಿಗೆ ಅಂಟಿಕೊಂಡಂತೆ ನುಗ್ಗಿಸಿ ಆರೂಮುಕ್ಕಾಲು ಲೆಂತ್‌ಗಳಿಂದ ಗೆದ್ದರು. ಹಾಗಾದರೆ ಎಲ್ಲರೂ ಒಳಬೇಲಿಯ ಪಕ್ಕದಲ್ಲೇ ಏಕೆ ಓಡಿಸುವುದಿಲ್ಲ ಎಂದು ನೀವು ಕೇಳಬಹುದು. ಅಲ್ಲಿ ಸಿಕ್ಕಿಬೀಳುವ ಅಪಾಯವಿದೆ. ಮುಂದಿನ ಕುದುರೆ ದಮ್ಮು ಕಳೆದುಕೊಂಡು ಹಿಂದೆ ಸರಿದರೆ, ಪಕ್ಕದಲ್ಲಿ ಇನ್ನೊಂದು ಕುದುರೆ ಇದ್ದರೆ, ಹೊರಬರಲು ದಾರಿಯೇ ಇರುವುದಿಲ್ಲ. ಮುಂದಿರುವ ಯಾವ ಕುದುರೆ ಯಾವಾಗ ಸೋಲುತ್ತದೆ, ಅದು ಸೋತಾಗ ಯಾವ ಕಡೆಗೆ ಓಲುತ್ತದೆ ಎಂಬುದನ್ನು ಮೊದಲೇ ಊಹಿಸಬಲ್ಲವರಿಗೆ ಮಾತ್ರ ಒಳದಾರಿ ಲಾಭದ ದಾರಿ. ಬೇರೆಯವರ ಕುದುರೆಗಳನ್ನು ಓದುವುದು ಜಾಕಿಯ ಕೆಲಸದ ಅರ್ಧಭಾಗ ಎಂದರೂ ನಡೆದೀತು.

ಎರಡನೆಯ ಜಾಗ ವೇಗದ ಹಂಚಿಕೆ, ಮತ್ತು ನನ್ನ ಮಟ್ಟಿಗೆ ಜಾಕಿಯ ಕೌಶಲದ ತಿರುಳು ಇರುವುದು ಇಲ್ಲಿಯೇ. 1978ರ ಬೆಲ್ಮಾಂಟ್ ಸ್ಟೇಕ್ಸ್ ತೆಗೆದುಕೊಳ್ಳಿ. ಒಂದೂವರೆ ಮೈಲಿಯ ರೇಸ್. ಅಫರ್ಮ್ಡ್ ಮೇಲೆ 18 ವರ್ಷದ ಸ್ಟೀವ್ ಕಾಥೆನ್, ಆಲಿಡಾರ್ ಮೇಲೆ ಹೋರ್ಹೆ ವೆಲಾಸ್ಕೆಸ್. ಕಾಥೆನ್ ಮುಂದೆ ಹೋದರು, ಆದರೆ ನಿಧಾನವಾಗಿ ಹೋದರು. ಮೊದಲ ಅರ್ಧ ಮೈಲಿಗೆ 50 ಸೆಕೆಂಡ್. ಐದು ವರ್ಷದ ಹಿಂದೆ ಇದೇ ರೇಸಿನಲ್ಲಿ ಸೆಕ್ರೆಟೇರಿಯಟ್ ಅದೇ ದೂರವನ್ನು 46.2 ಸೆಕೆಂಡಿನಲ್ಲಿ ಓಡಿತ್ತು. ಕಾಥೆನ್ ಹೀಗೆ ಕದ್ದಿಟ್ಟ ದಮ್ಮನ್ನು ನಂತರದ ಅರ್ಧ ಮೈಲಿಯಲ್ಲಿ ಖರ್ಚು ಮಾಡಿದರು; ಅದು 47.4 ಸೆಕೆಂಡಿನಲ್ಲಿ ಮುಗಿಯಿತು. ಆಲಿಡಾರ್ ಪಕ್ಕಕ್ಕೆ ಬಂದು, ಕೊನೆಯ ಒಂದು ಕಿಲೋಮೀಟರಿನುದ್ದಕ್ಕೂ ಎರಡು ಕುದುರೆಗಳೂ ಭುಜಕ್ಕೆ ಭುಜ ತಾಗಿಸಿ ಓಡಿದವು. ಬಲಗೈಯಲ್ಲಿ ಚಾವಟಿ ಬೀಸಲು ಜಾಗವಿಲ್ಲದಷ್ಟು ಆಲಿಡಾರ್ ಹತ್ತಿರವಿದ್ದಾಗ, ಕಾಥೆನ್ ಓಟದ ನಡುವೆಯೇ ಚಾವಟಿಯನ್ನು ಎಡಗೈಗೆ ದಾಟಿಸಿಕೊಂಡರು. ಆ ಕುದುರೆಗೆ ಅವರು ಎಡಗೈಯಿಂದ ಹೊಡೆದದ್ದು ಅದೇ ಮೊದಲು. ಅಫರ್ಮ್ಡ್ ತಲೆಯಷ್ಟು ಅಂತರದಲ್ಲಿ ಗೆದ್ದು ಟ್ರಿಪಲ್ ಕ್ರೌನ್, ಅಂದರೆ ಅಮೆರಿಕದ ಮೂರು ದೊಡ್ಡ ರೇಸುಗಳ ಗೆಲುವನ್ನು, ಪೂರೈಸಿತು. ಮೊದಲ ಅರ್ಧ ಮೈಲಿ 48 ಸೆಕೆಂಡಿನಲ್ಲಿ ಮುಗಿದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಸಾಧಿಸಿ ತೋರಿಸಲಾರರು. ಆದರೆ ಕೊನೆಗೆ ತಲೆಯಷ್ಟೂ ಅಂತರ ಉಳಿಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ವೇಗವನ್ನು ಅಂದಾಜಿಸುವ ಕೆಲಸ ಮುಂದಿರುವ ಜಾಕಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. ಇಂಗ್ಲೆಂಡಿನ 2020ರ ಎಪ್ಸಮ್ ಡರ್ಬಿ ಕೋವಿಡ್ ಕಾರಣದಿಂದ ಜುಲೈ 4ರಂದು, ಪ್ರೇಕ್ಷಕರಿಲ್ಲದೆ ನಡೆಯಿತು. ಹದಿನಾರು ಕುದುರೆಗಳು. ಎಮೆಟ್ ಮ್ಯಾಕ್‌ನಮಾರಾ ಎಂಬ, ಹೆಚ್ಚು ಹೆಸರಿಲ್ಲದ ಜಾಕಿ ಸರ್ಪೆಂಟೈನ್ ಎಂಬ ಕುದುರೆಯನ್ನು ಎಲ್ಲರಿಗಿಂತ ಬಹಳ ಮುಂದೆ ಕೊಂಡೊಯ್ದರು. ಇದು ಇಷ್ಟರಲ್ಲೇ ಸುಸ್ತಾಗಿ ಹಿಂದೆ ಬೀಳುತ್ತದೆ ಎಂದು ಉಳಿದವರು ಕಾದರು. ಅದು ಹಿಂದೆ ಬೀಳಲಿಲ್ಲ. ಐದೂವರೆ ಲೆಂತ್‌ಗಳಿಂದ ಗೆದ್ದಿತು. ದರ 25ಕ್ಕೆ 1. ಎರಡನೆಯದು 50ಕ್ಕೆ 1ರ ಖಲೀಫಾ ಸ್ಯಾಟ್, ಮೂರನೆಯದು 66ಕ್ಕೆ 1ರ ಇನ್ನೊಂದು ಕುದುರೆ. ಆ ಎರಡೂ ಆರಂಭದಿಂದ ಮುಂಚೂಣಿಯಲ್ಲೇ ಇದ್ದಂಥವು. ಹಿಂದೆ ಉಳಿದ ಗುಂಪಿನಲ್ಲಿ ಜಗತ್ತಿನ ಅತಿ ದುಬಾರಿ ಜಾಕಿಗಳಿದ್ದರು. ಅವರಿಗೆ ಸವಾರಿ ಬರುತ್ತಿರಲಿಲ್ಲವೇ? ಖಂಡಿತ ಬರುತ್ತಿತ್ತು. ಆದರೆ ತಾನೊಬ್ಬನೇ ಮುಂದಿನ ಕುದುರೆಯನ್ನು ಬೆನ್ನಟ್ಟಿದರೆ ದಮ್ಮು ಖರ್ಚಾಗುವುದು ತನ್ನ ಕುದುರೆಯದು, ಲಾಭವಾಗುವುದು ಹಿಂದೆ ಕಾದು ಕುಳಿತವರಿಗೆ ಎಂಬ ಲೆಕ್ಕವನ್ನು ಪ್ರತಿಯೊಬ್ಬರೂ ಹಾಕಿದ್ದರಿಂದ ಯಾರೂ ಬೆನ್ನಟ್ಟಲಿಲ್ಲ. ಪ್ರತಿಯೊಬ್ಬರೂ ಬಿಡಿಯಾಗಿ ವಿವೇಕದಿಂದ ವರ್ತಿಸಿ, ಒಟ್ಟಾಗಿ ಸೋತ ರೇಸ್ ಅದು.

ಚಾವಟಿಯ ಬಗ್ಗೆ ಎರಡೇ ಮಾತು. ಅದರ ಪಾತ್ರ ಜನ ಭಾವಿಸುವಷ್ಟು ದೊಡ್ಡದಲ್ಲ. ಆಸ್ಟ್ರೇಲಿಯಾದ ರೇಸುಗಳ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕುದುರೆಗಳು ಅತಿ ವೇಗವಾಗಿ ಓಡಿದ್ದು ಕೊನೆಯ 600ರಿಂದ 400 ಮೀಟರ್ ನಡುವೆ, ಅಂದರೆ ಚಾವಟಿ ಬೀಳದಿದ್ದ ಭಾಗದಲ್ಲಿ ಎಂದು ಕಂಡುಬಂತು. ಬ್ರಿಟನ್ನಿನಲ್ಲಿ 2023ರಿಂದ ಸಮತಟ್ಟಾದ (ಅಡೆತಡೆ ಹಾರಬೇಕಿಲ್ಲದ) ರೇಸುಗಳಲ್ಲಿ ಆರು ಏಟುಗಳ ಮಿತಿ ಇದೆ. ಮಿತಿಯನ್ನು ನಾಲ್ಕು ಏಟುಗಳಷ್ಟು ಮೀರಿದರೆ ಕುದುರೆಯನ್ನೇ ಅನರ್ಹಗೊಳಿಸಲಾಗುತ್ತದೆ. ಗೆದ್ದ ಕುದುರೆಯ ಮೇಲಿನ ಬಾಜಿಯ ಭವಿಷ್ಯವನ್ನೂ ಹೀಗೆ ಜಾಕಿಯ ಕೈಯ ಎಣಿಕೆಯೊಂದು ನಿರ್ಧರಿಸಬಹುದು.

ಈಗ, ಇಷ್ಟೆಲ್ಲ ಕೌಶಲಕ್ಕೆ ಒಟ್ಟು ಅಳತೆ ಏನು? ಕುತೂಹಲದ ಸಂಗತಿಯೆಂದರೆ ರೇಸಿನ ನಿಯಮಗಳೇ ಒಂದು ಅಳತೆಯನ್ನು ಕೊಟ್ಟಿವೆ. ಹೊಸ ಜಾಕಿಗಳಿಗೆ, ಅಂದರೆ ಅಪ್ರೆಂಟಿಸ್‌ಗಳಿಗೆ, ತೂಕದಲ್ಲಿ ರಿಯಾಯಿತಿ ಸಿಗುತ್ತದೆ; ಅವರ ಕುದುರೆ ಅಷ್ಟು ಕಡಿಮೆ ತೂಕ ಹೊರುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ 20 ಗೆಲುವಿನವರೆಗೆ 7 ಪೌಂಡ್, 50ರವರೆಗೆ 5 ಪೌಂಡ್, 95ರವರೆಗೆ 3 ಪೌಂಡ್. ಆಮೇಲೆ ರಿಯಾಯಿತಿ ಇಲ್ಲ. ಒಂದು ಮೈಲಿಯ ರೇಸಿನಲ್ಲಿ ಸುಮಾರು 2 ಪೌಂಡ್ ತೂಕ ಒಂದು ಲೆಂತ್‌ಗೆ ಸಮ ಎಂಬುದು ಹ್ಯಾಂಡಿಕ್ಯಾಪರ್‌ಗಳ, ಅಂದರೆ ಕುದುರೆಗಳು ಹೊರಬೇಕಾದ ತೂಕ ನಿಗದಿಪಡಿಸುವವರ, ರೂಢಿಯ ಲೆಕ್ಕ. ಅಂದರೆ, ತೀರ ಹೊಸಬನಿಗೂ ಪಳಗಿದ ಜಾಕಿಗೂ ನಡುವೆ ಮೂರೂವರೆ ಲೆಂತ್‌ನಷ್ಟು ವ್ಯತ್ಯಾಸವಿದೆ ಎಂದು ಕ್ರೀಡೆಯೇ ಅಂದಾಜು ಮಾಡಿದಂತಾಯಿತು. ಇದನ್ನು ಕುದುರೆಗಳ ನಡುವಿನ ವ್ಯತ್ಯಾಸದೊಂದಿಗೆ ಹೋಲಿಸಿ. ಅಲ್ಲಿನ ಅಧಿಕೃತ ಶ್ರೇಯಾಂಕದಲ್ಲಿ ಒಂದು ಅಂಕಕ್ಕೆ ಒಂದು ಪೌಂಡ್. ಸಾಧಾರಣ ಕುದುರೆಯೊಂದಕ್ಕೆ 60ರ ಆಸುಪಾಸಿನ ಅಂಕವಿದ್ದರೆ, ಫ್ರ್ಯಾಂಕಲ್ ಎಂಬ ಮಹಾನ್ ಕುದುರೆಗೆ 140 ಇತ್ತು. ಆ 80 ಪೌಂಡಿನ ಕಂದಕವನ್ನು ಯಾವ ಜಾಕಿಯೂ ತುಂಬಲಾರ. 2011ರ ಸೇಂಟ್ ಜೇಮ್ಸಸ್ ಪ್ಯಾಲೆಸ್ ಸ್ಟೇಕ್ಸ್‌ನಲ್ಲಿ ಜಾಕಿ ಟಾಮ್ ಕ್ವೀಲಿ ಫ್ರ್ಯಾಂಕಲ್ಲನ್ನು ತೀರ ಬೇಗ ಓಡಿಸಿಬಿಟ್ಟರೆಂದು ಟೀಕೆ ಬಂತು, ಮತ್ತು ಅದು ನ್ಯಾಯವಾದ ಟೀಕೆಯೇ. ಆದರೂ ಕುದುರೆ ಮುಕ್ಕಾಲು ಲೆಂತ್‌ನಿಂದ ಗೆದ್ದಿತು. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ತೂಕ ಹೊರಿಸಿ ಎಲ್ಲ ಕುದುರೆಗಳನ್ನೂ ಸಮಕ್ಕೆ ತಂದಿರುತ್ತಾರಾದ್ದರಿಂದ, ಉಳಿಯುವ ಚಿಕ್ಕ ಅಂತರದಲ್ಲಿ ಜಾಕಿಯ ಪಾಲು ದೊಡ್ಡದಾಗುತ್ತದೆ. ದೊಡ್ಡ ಹೆಸರಿನ ರೇಸುಗಳಿಗಿಂತ ಇಂಥ ಸಾಧಾರಣ ರೇಸುಗಳಲ್ಲೇ ಜಾಕಿಯ ಕೌಶಲ ಹೆಚ್ಚು ನಿರ್ಣಾಯಕವಾಗುವುದು ಇದರಿಂದ.

ಆದರೆ ಈ ಅಳತೆಯನ್ನು ಒಬ್ಬೊಬ್ಬ ಜಾಕಿಗೆ ಅನ್ವಯಿಸಲು ಹೋದರೆ ತೊಡಕು ಎದುರಾಗುತ್ತದೆ. ಒಳ್ಳೆಯ ಜಾಕಿಗೆ ಒಳ್ಳೆಯ ಕುದುರೆ ಸಿಗುತ್ತದೆ. ಒಳ್ಳೆಯ ಕುದುರೆ ಗೆಲ್ಲುತ್ತದೆ. ಗೆದ್ದದ್ದಕ್ಕೆ ಇನ್ನೂ ಒಳ್ಳೆಯ ಕುದುರೆ ಸಿಗುತ್ತದೆ. ಹಾಂಗ್‌ಕಾಂಗಿನಲ್ಲಿ ಜ್ಯಾಕ್ ಪರ್ಟನ್ 2022–23ರ ಸಾಲಿನಲ್ಲಿ 179 ರೇಸುಗಳನ್ನು ಗೆದ್ದರು. ಅವರ ಕೌಶಲದ ಬಗ್ಗೆ ಅನುಮಾನವಿಲ್ಲ, ಆದರೆ ಆ 179ರಲ್ಲಿ ಕೌಶಲದ ಪಾಲೆಷ್ಟು, ಆಯ್ಕೆಯ ಪಾಲೆಷ್ಟು ಎಂದು ಗೆಲುವಿನ ಪಟ್ಟಿ ಹೇಳುವುದಿಲ್ಲ. ಇದನ್ನು ಬೇರ್ಪಡಿಸಿ ನೋಡಿದರೆ ಎಂಥ ಚಿತ್ರ ಸಿಗುತ್ತದೆ ಎಂಬುದಕ್ಕೆ ಮಹಿಳಾ ಜಾಕಿಗಳ ಉದಾಹರಣೆ ಇದೆ. ಬ್ರಿಟನ್ನಿನ ಹದಿನಾಲ್ಕು ವರ್ಷಗಳ ರೇಸುಗಳನ್ನು ಲಿವರ್‌ಪೂಲ್ ವಿಶ್ವವಿದ್ಯಾಲಯದ ವನೆಸ್ಸಾ ಕ್ಯಾಶ್‌ಮೋರ್ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಒಟ್ಟು ಸವಾರಿಗಳಲ್ಲಿ ಮಹಿಳೆಯರ ಪಾಲು ಶೇ 5.2 ಮಾತ್ರ, ಅದರಲ್ಲೂ ಉತ್ತಮ ಕುದುರೆಗಳು ಅವರಿಗೆ ಸಿಕ್ಕಿದ್ದು ತೀರ ವಿರಳ. ಕುದುರೆಗಳ ಗುಣಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಪುರುಷ ಜಾಕಿಗಳಿಗೂ ಅವರಿಗೂ ಸಾಧನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಗೆಲುವಿನ ಸಂಖ್ಯೆಯನ್ನೇ ನಂಬಿದವರು ಅಷ್ಟೂ ವರ್ಷ ಕುದುರೆಯ ಕೊರತೆಯನ್ನು ಜಾಕಿಯ ಕೊರತೆ ಎಂದು ಓದಿದ್ದರು.

ಇಲ್ಲಿಂದ ಬಾಜಿಯ ಕಡೆಗೆ ಬರೋಣ. ಒಬ್ಬ ಜಾಕಿ ನೂರು ಸವಾರಿಗಳಲ್ಲಿ ಇಪ್ಪತ್ತು ಗೆಲ್ಲುತ್ತಾನೆ ಎಂದುಕೊಳ್ಳಿ. ಯಾವ ಕಡೆ ನೋಡಿದರೂ ಇದು ಒಳ್ಳೆಯ ದಾಖಲೆ. ಆದರೆ ಅವನ ಹೆಸರು ನೋಡಿ ಎಲ್ಲರೂ ಹಣ ಹಾಕುವುದರಿಂದ, ಅವನು ಗೆದ್ದಾಗ ನಿಮ್ಮ ಒಂದು ರೂಪಾಯಿಗೆ ಸರಾಸರಿ ನಾಲ್ಕು ರೂಪಾಯಿ ಮಾತ್ರ ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ. ನೂರು ಹಾಕಿದ್ದೀರಿ, ಎಂಬತ್ತು ಬಂತು. ಇಪ್ಪತ್ತು ಗೆಲುವಿನ ಇನ್ನೊಬ್ಬ ಜಾಕಿಗೆ ಆರು ರೂಪಾಯಿ ಬರುತ್ತಿದ್ದರೆ ನೂರಕ್ಕೆ ನೂರಿಪ್ಪತ್ತು. ಇಬ್ಬರ ಕೌಶಲ ಸಮ, ಬಾಜಿಯ ಫಲ ಬೇರೆ. ಟೋಟ್ ಪದ್ಧತಿಯಲ್ಲಿ, ಅಂದರೆ ಬಾಜಿಯ ಹಣವನ್ನೆಲ್ಲ ಒಂದೆಡೆ ಕೂಡಿಸಿ, ಮೊದಲು ಕಡಿತ ತೆಗೆದು, ಉಳಿದದ್ದನ್ನು ಗೆದ್ದವರಿಗೆ ಹಂಚುವ ಕಡೆ, ನಿಮ್ಮ ಎದುರಾಳಿ ಬುಕ್ಕಿಯೂ ಅಲ್ಲ, ಕುದುರೆಯೂ ಅಲ್ಲ. ಪಕ್ಕದ ಕೌಂಟರಿನಲ್ಲಿ ಅದೇ ಜಾಕಿಯ ಹೆಸರು ನೋಡಿ ಟಿಕೆಟ್ ಕೊಳ್ಳುತ್ತಿರುವಾತ.

ಹೆಸರಿನ ಬೆಲೆ ಎಲ್ಲಿಯವರೆಗೆ ಏರಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಆಸ್ಕಟ್ ರೇಸ್ ಮೈದಾನದಲ್ಲಿ 1996ರ ಸೆಪ್ಟೆಂಬರ್ 28ರ ದಿನವೇ ಸಾಕ್ಷಿ. ಜಾಕಿ ಫ್ರ್ಯಾಂಕಿ ಡೆಟ್ಟೋರಿ ಅಂದು ಏಳಕ್ಕೆ ಏಳೂ ರೇಸುಗಳನ್ನು ಗೆದ್ದರು. ಏಳನ್ನೂ ಸರಪಣಿಯಾಗಿ, ಅಂದರೆ ಒಂದರ ಗೆಲುವಿನ ಹಣವೆಲ್ಲ ಮುಂದಿನದರ ಮೇಲೆ ಹೋಗುವಂತೆ, ಕಟ್ಟಿದವರಿಗೆ ಒಂದು ಪೌಂಡಿಗೆ 25,000 ಪೌಂಡಿಗೂ ಹೆಚ್ಚು ಬಂತು. ಏಳನೆಯ ಕುದುರೆ ಫುಜಿಯಾಮಾ ಕ್ರೆಸ್ಟ್‌ನ ದರ ಬೆಳಗ್ಗೆ 12ಕ್ಕೆ 1 ಇದ್ದದ್ದು, ರೇಸ್ ಬಿಡುವ ಹೊತ್ತಿಗೆ 2ಕ್ಕೆ 1ಕ್ಕೆ ಇಳಿದಿತ್ತು. ಸರಪಣಿ ಬಾಜಿಗಳ ಹೊರೆ ಹೊತ್ತಿದ್ದ ಬುಕ್ಕಿಗಳು ತಮ್ಮ ನಷ್ಟ ತಗ್ಗಿಸಿಕೊಳ್ಳಲು ಅದೇ ಕುದುರೆಯ ಮೇಲೆ ಹಣ ಸುರಿದದ್ದೂ ಇದಕ್ಕೆ ಕಾರಣ. ಬೆಳಗ್ಗೆಯಿಂದ ಸಂಜೆಯೊಳಗೆ ಕುದುರೆ ಬದಲಾಗಿರಲಿಲ್ಲ, ಅದು ಹೊತ್ತ ತೂಕ ಬದಲಾಗಿರಲಿಲ್ಲ, ಜಾಕಿಯೂ ಬದಲಾಗಿರಲಿಲ್ಲ. ಗೆದ್ದಿತಲ್ಲ ಎನ್ನುವಿರಿ. ಗೆದ್ದಿತು, ಆದರೆ ಗೆದ್ದ ಮಾತ್ರಕ್ಕೆ 2ಕ್ಕೆ 1 ಸರಿಯಾದ ದರವಾಗಿತ್ತೆಂದು ಆಗುವುದಿಲ್ಲ. ಮೂರರಲ್ಲೊಂದು ಬಾರಿ ಗೆಲ್ಲುವಂಥ ಕುದುರೆಗೆ ಮಾತ್ರ ಆ ದರ ನ್ಯಾಯವಾದದ್ದು, ಮತ್ತು ಆ ಬೆಳಗ್ಗೆ ಯಾರೂ ಅದನ್ನು ಅಂಥ ಕುದುರೆ ಎಂದು ಭಾವಿಸಿರಲಿಲ್ಲ.

‘ಜಾಕಿ ಫಾರ್ಮಿನಲ್ಲಿದ್ದಾನೆ’ ಎಂಬ ಮಾತನ್ನೂ ಒಮ್ಮೆ ತೂಗಿ ನೋಡಬೇಕು. ಒಬ್ಬ ಜಾಕಿಯ ನಿಜವಾದ ಗೆಲುವಿನ ಪ್ರಮಾಣ ಶೇ 15 ಎಂದೇ ಇಟ್ಟುಕೊಳ್ಳೋಣ. ನೂರು ಸವಾರಿಗಳಲ್ಲಿ ಅವನು ಎಂಟರಿಂದ ಇಪ್ಪತ್ತೆರಡರವರೆಗೆ ಎಷ್ಟು ಗೆದ್ದರೂ ಅದನ್ನು ಕೇವಲ ಆಕಸ್ಮಿಕದ ಏರಿಳಿತವೆಂದು ವಿವರಿಸಬಹುದು. ಸಂಭಾವ್ಯತೆಯ ಸಾಮಾನ್ಯ ಲೆಕ್ಕ ಅಷ್ಟು ಅಗಲವಾದ ಅವಕಾಶ ಕೊಡುತ್ತದೆ. ಎಂಟು ಗೆದ್ದ ತಿಂಗಳುಗಳಲ್ಲಿ ಅವನ ಕೈ ಸೋತಿದೆ ಎನ್ನುತ್ತೇವೆ, ಇಪ್ಪತ್ತೆರಡು ಗೆದ್ದಾಗ ಕೈಗುಣ ಎನ್ನುತ್ತೇವೆ.

ಹಾಗಾದರೆ ಜಾಕಿಯ ಮಾಹಿತಿ ಬಾಜಿಗೆ ನಿರುಪಯುಕ್ತವೇ? ಹಾಗಲ್ಲ. ಹಾಂಗ್‌ಕಾಂಗಿನಲ್ಲಿ ಕಂಪ್ಯೂಟರ್ ಲೆಕ್ಕದಿಂದ ಬಾಜಿ ಕಟ್ಟಿ ಗೆದ್ದ ಬಿಲ್ ಬೆಂಟರ್ 1994ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸ್ಪಷ್ಟವಾಗಿ ಹೇಳಿರುವುದೇನೆಂದರೆ, ಕುದುರೆಯ ಹಿಂದಿನ ಓಟಗಳನ್ನೂ ಇತರ ಅಂಶಗಳನ್ನೂ ಎಷ್ಟೇ ಎಚ್ಚರದಿಂದ ಸೇರಿಸಿದ ಗಣಿತದ ಮಾದರಿಯಾದರೂ ಅದೊಂದೇ ಸಾಲದು; ಸಾರ್ವಜನಿಕರ ದರವನ್ನೂ ಅದರೊಂದಿಗೆ ಬೆರೆಸಬೇಕು, ಏಕೆಂದರೆ ಮಾದರಿಗೆ ತಿಳಿಯದ ಸಂಗತಿಗಳು ಆ ದರದಲ್ಲಿ ಅಡಗಿರುತ್ತವೆ. ಎಲ್ಲರಿಗೂ ಗೊತ್ತಿರುವ ಜಾಕಿಯ ಹೆಸರು ಆ ದರದಲ್ಲಿ ಈಗಾಗಲೇ ಕುಳಿತಿರುತ್ತದೆ. ಅದನ್ನು ಇನ್ನೊಮ್ಮೆ ಎಣಿಸಿದವನು ಒಂದೇ ವಸ್ತುವಿಗೆ ಎರಡು ಬಾರಿ ಹಣ ತೆರುತ್ತಾನೆ.

ಅದೇ 2020ರ ಡರ್ಬಿಯಲ್ಲಿ ಇಂಗ್ಲಿಷ್ ಕಿಂಗ್ ಎಂಬ ಕುದುರೆ ಇತ್ತು. ಹಿಂದಿನ ರೇಸಿನಲ್ಲಿ ಅದರ ಮೇಲೆ ಗೆದ್ದಿದ್ದ ಟಾಮ್ ಮಾರ್ಕ್ವಾಂಡ್ ಅವರನ್ನು ಇಳಿಸಿ ಡೆಟ್ಟೋರಿಯನ್ನು ಹತ್ತಿಸಲಾಯಿತು. ಕುದುರೆ ಐದನೆಯ ಸ್ಥಾನಕ್ಕೆ ಬಂತು. ಇಳಿಸಲ್ಪಟ್ಟ ಮಾರ್ಕ್ವಾಂಡ್ ಏರಿದ್ದು ನಾನು ಆಗ ಹೇಳಿದ ಖಲೀಫಾ ಸ್ಯಾಟ್ ಕುದುರೆಯನ್ನು. 50ಕ್ಕೆ 1ರ ದರದಲ್ಲಿ ಎರಡನೆಯ ಸ್ಥಾನ. ಇದರಿಂದ ಡೆಟ್ಟೋರಿಗಿಂತ ಮಾರ್ಕ್ವಾಂಡ್ ಉತ್ತಮ ಜಾಕಿ ಎಂದು ಸಾಧಿಸಲು ಹೊರಟರೆ ಅದು ಮಕ್ಕಳಾಟವಾದೀತು. ನಾನು ತೋರಿಸುತ್ತಿರುವುದು ಇಷ್ಟೇ: ಪಳಗಿದ ಇಬ್ಬರು ಜಾಕಿಗಳ ನಡುವಿನ ಕೌಶಲದ ಅಂತರ ಒಂದೆರಡು ಪೌಂಡಿನಷ್ಟಿದ್ದರೂ ಹೆಚ್ಚು, ಹೆಸರುಗಳ ನಡುವಿನ ಅಂತರ ಅದರ ಹಲವು ಪಟ್ಟು.

ಇನ್ನೊಂದು ಬಗೆಯ ಜಾಕಿ ಮಾಹಿತಿಯೂ ಇದೆ; ಅದು ಅವನ ಆಯ್ಕೆ. ಐರ್ಲೆಂಡಿನ ಕುದುರೆ ತರಬೇತುದಾರ ಏಡನ್ ಓಬ್ರಿಯನ್ 2017ರಲ್ಲೂ 2020ರಲ್ಲೂ ಎಪ್ಸಮ್ ಡರ್ಬಿಗೆ ಆರಾರು ಕುದುರೆಗಳನ್ನು ಇಳಿಸಿದರು. ಎರಡು ಸಲವೂ ಅವರ ಪ್ರಮುಖ ಜಾಕಿ ರಯಾನ್ ಮೂರ್ ಬೇರೆ ಕುದುರೆಯ ಮೇಲಿದ್ದರು. 2017ರಲ್ಲಿ ಎರಡನೆಯವರಾಗಿ, 2020ರಲ್ಲಿ ಆರನೆಯವರಾಗಿ ಬಂದರು. ಗೆದ್ದದ್ದು ಅದೇ ಲಾಯದ ಬೇರೆ ಕುದುರೆಗಳು: ಪಾಡ್ರೆಗ್ ಬೆಗ್ಗಿ ಸವಾರಿ ಮಾಡಿದ 40ಕ್ಕೆ 1ರ ವಿಂಗ್ಸ್ ಆಫ್ ಈಗಲ್ಸ್, ಆಮೇಲೆ ಸರ್ಪೆಂಟೈನ್. ಮೂರು ವರ್ಷದ ಎಳೆಯ ಕುದುರೆಗಳು ಅದುವರೆಗೆ ಓಡಿರುವುದೇ ಕೆಲವು ರೇಸುಗಳು. ಅಷ್ಟರ ಆಧಾರದಿಂದ, ರೇಸಿಗೆ ಮೊದಲೇ, ಎಂಥ ಜಾಕಿಯೂ ಖಚಿತವಾಗಿ ಆರಿಸಲಾರ. ಜನ ಮಾತ್ರ ಅವನು ಹತ್ತಿದ್ದನ್ನೇ ಲಾಯದ ತೀರ್ಪೆಂದು ತಿಳಿದು, ಬಿಟ್ಟ ಕುದುರೆಗಳನ್ನು ಮರೆಯುತ್ತಾರೆ. ಹಾಗೆಂದು ಬಿಟ್ಟ ಕುದುರೆಗಳ ಮೇಲೆಲ್ಲ ಬಾಜಿ ಕಟ್ಟಿದರೆ ಲಾಭವೇ? ವರ್ಷಕ್ಕೆ ಐದರಂತೆ ಇಪ್ಪತ್ತು ವರ್ಷಕ್ಕೆ ನೂರು ಬಾಜಿ. ಸರಾಸರಿ ದರ 33ಕ್ಕೆ 1ರ ಸುತ್ತಮುತ್ತ ಎಂದುಕೊಂಡರೆ, ಮೂರು ಗೆಲುವು ಬಂದರೆ ಹಾಕಿದ ಹಣ ಹಾಕಿದಷ್ಟೇ ಹಿಂದಿರುಗುತ್ತದೆ. ಐದು ಬಂದರೆ ಭಾರೀ ಲಾಭ, ಒಂದು ಬಂದರೆ ಮೂರರಲ್ಲಿ ಎರಡು ಪಾಲು ನಷ್ಟ. ಒಂದಕ್ಕೂ ಐದಕ್ಕೂ ನಡುವಿನ ಏರಿಳಿತ ಕೇವಲ ಅದೃಷ್ಟದಿಂದಲೂ ಆಗುವಂಥದ್ದಾದ್ದರಿಂದ, ಇದು ದರದ ಲೋಪವೋ ಎರಡು ಡರ್ಬಿಗಳ ಆಕಸ್ಮಿಕವೋ ಎಂದು ಹೇಳಲು ಇನ್ನೂ ಎಷ್ಟೋ ಡರ್ಬಿಗಳು ಓಡಬೇಕು.